ಚಳಿಗಾಲದ ಟೈರ್: ನಿಮ್ಮ ರಸ್ತೆಗೆ ಯಾವುದು, ಹಾಕಿದ ಮೇಲೆ ಓಡಿಸುವುದು ಹೇಗೆ

ಹಿಮ ಬೀಳುವ ಕಡೆ ಕಾರು ಓಡಿಸುವವರು ಟೈರ್ ಕೊಳ್ಳಲು ಹೊರಟಾಗ ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೇದು ಅಂತ. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ನಿಮ್ಮ ರಸ್ತೆ ನೋಡಿ. ಏನೇ ಆದರೂ ಹೋಗಲೇಬೇಕಾದ ದಿನ, ಬೆಳಗಿನ ಹೊತ್ತು, ಟೈರ್ ಕೆಳಗೆ ಏನಿರುತ್ತದೆ? ತಣ್ಣಗೆ ಒದ್ದೆಯಾದ ಡಾಂಬರಾ, ಗಾಡಿಗಳು ತುಳಿದು ಗಟ್ಟಿಯಾದ ಹಿಮವಾ, ಇಲ್ಲ ಬರೀ ಐಸಾ? ಈ ಮೂರನ್ನೂ ಒಂದೇ ಸಮ ಹಿಡಿಯುವ ಟೈರ್ ಇನ್ನೂ ಬಂದಿಲ್ಲ. ಐಸ್ ಮೇಲೆ ಗೆಲ್ಲುವ ಟೈರ್ ಒದ್ದೆ ರಸ್ತೆಯಲ್ಲಿ ಹಿಂದೆ ಬೀಳುತ್ತದೆ, ಒದ್ದೆಯಲ್ಲಿ ಗೆಲ್ಲುವುದು ಐಸ್ ಮೇಲೆ ಜಾರುತ್ತದೆ. ಅದಕ್ಕೇ ಇಲ್ಲಿ ಕಂಪನಿಗಳ ಹೋಲಿಕೆ ಇಲ್ಲ, ಬಗೆಗಳ ಹೋಲಿಕೆ ಇದೆ. ಬಗೆ ಸರಿಯಾಗಿ ಆರಿಸಿಕೊಂಡರೆ ಹೆಸರುವಾಸಿ ಕಂಪನಿಗಳ ನಡುವಿನ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಬಗೆ ತಪ್ಪಿದರೆ ಎಷ್ಟು ದುಬಾರಿ ಟೈರ್ ಹಾಕಿದರೂ ಸುಮ್ನೆ ದುಡ್ಡು ದಂಡ.

ರಬ್ಬರ್ ಮತ್ತು ಸೀಳು

ಚಳಿಗಾಲದ ಟೈರ್ ಅಂದರೆ ದಪ್ಪ ಬಟನ್ (ಟೈರ್ ಮೇಲ್ಮೈಯ ರಬ್ಬರ್ ಉಬ್ಬುಗಳು) ಇರುವ ಟೈರ್ ಅಂದುಕೊಂಡವರು ಜಾಸ್ತಿ. ಬಟನ್‌ಗಿಂತ ಮೊದಲು ರಬ್ಬರ್. ಬೇಸಿಗೆ ಟೈರ್‌ನ ರಬ್ಬರನ್ನು ಬಿಸಿ ರಸ್ತೆಯಲ್ಲಿ ಗಟ್ಟಿಯಾಗಿ ನಿಲ್ಲಲಿ ಅಂತ ಮಾಡಿರುತ್ತಾರೆ, ಚಳಿ ಹೆಚ್ಚಿದಂತೆ ಅದು ಬಿರುಸಾಗುತ್ತಾ ಹೋಗುತ್ತದೆ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗಿಗೆ ರಬ್ಬರ್ ಒತ್ತಿ ಕೂತರೆ ತಾನೇ ಹಿಡಿತ ಸಿಗುವುದು? ಬಿರುಸಾದ ರಬ್ಬರ್ ಹಾಗೆ ಕೂರುವುದಿಲ್ಲ. ಚಳಿಗಾಲದ ಟೈರ್‌ನ ಮಿಶ್ರಣವೇ ಬೇರೆ. ಅದರಲ್ಲಿ ಸಿಲಿಕಾ ಬೆರೆಸಿರುತ್ತಾರೆ, ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಮೆತ್ತಗೇ ಉಳಿಯುವ ರಬ್ಬರ್ ಬಳಸಿರುತ್ತಾರೆ.

ಆಮೇಲೆ ಸೀಳುಗಳು. ಚಳಿಗಾಲದ ಟೈರ್ ಹತ್ತಿರದಿಂದ ನೋಡಿ, ಒಂದೊಂದು ಬಟನ್ ಮೇಲೂ ತೆಳ್ಳನೆಯ ಅಂಕುಡೊಂಕು ಗೆರೆಗಳು ಕಾಣುತ್ತವೆ. ಟೈರ್ ಉರುಳುವಾಗ ಈ ಸೀಳುಗಳು ಸ್ವಲ್ಪ ಬಾಯಿ ಬಿಡುತ್ತವೆ. ಅವುಗಳ ಅಂಚು ಹಿಮವನ್ನು ಕಚ್ಚುತ್ತದೆ, ಐಸ್ ಮೇಲಿರುವ ತೆಳು ನೀರಿನ ಪದರವನ್ನು ಒಳಗೆ ಎಳೆದುಕೊಳ್ಳುತ್ತದೆ. ಬಟನ್‌ಗಳ ನಡುವಿನ ದೊಡ್ಡ ಕಾಲುವೆಗಳಲ್ಲಿ ಹಿಮ ತುಂಬಿಕೊಂಡರೆ ಗಾಬರಿಯಾಗಬೇಡಿ, ಅದು ಬೇಕಾದದ್ದೇ. ಹಿಮಕ್ಕೆ ಹಿಮ ಅಂಟಿದಷ್ಟು ಚೆನ್ನಾಗಿ ರಬ್ಬರ್ ಅಂಟುವುದಿಲ್ಲ.

ಐಸ್ ವಿಷಯದಲ್ಲಿ ಒಂದು ಉಲ್ಟಾ ಲೆಕ್ಕ ಇದೆ. ಚಳಿ ಜಾಸ್ತಿಯಾದಷ್ಟೂ ಜಾರುವುದು ಜಾಸ್ತಿ ಅಂತ ಎಲ್ಲರಿಗೂ ಅನಿಸುತ್ತದೆ ಅಲ್ವಾ? ನಿಜವಾಗಿ ತೀರಾ ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಆಗ ಐಸ್ ಮೇಲೆ ನೀರಿನ ಪದರ ಇರುತ್ತದೆ. ಮೈನಸ್ 20ರಲ್ಲಿ ಐಸ್ ಒಣಗಿರುತ್ತದೆ, ಟೈರ್‌ಗೆ ಒಂದಿಷ್ಟಾದರೂ ಹಿಡಿತ ಸಿಗುತ್ತದೆ. ಅಂದರೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮೆಲು ಚಳಿಯ ಜಾಗಗಳು ಕೊರೆಯುವ ಚಳಿಯ ಜಾಗಗಳಿಗಿಂತ ಟೈರ್‌ಗೆ ಕಷ್ಟ ಕೊಡಬಹುದು.

7 ಡಿಗ್ರಿಯ ಮಾತನ್ನೂ ಇಲ್ಲೇ ಮುಗಿಸೋಣ. ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಚಳಿಗಾಲದ ಟೈರ್ ಹಾಕಿ ಅಂತ ಟೈರ್ ಮಾರುವವರೆಲ್ಲ ಹೇಳುತ್ತಾರೆ. ಅದು ತಯಾರಿಗೆ ಒಳ್ಳೆಯ ಗುರುತು, ಅಷ್ಟೆ. 7ರಿಂದ 6ಕ್ಕೆ ಇಳಿದ ಕೂಡಲೇ ಬೇಸಿಗೆ ಟೈರ್ ಕೈಕೊಡುವುದಿಲ್ಲ, ಒಣ ರಸ್ತೆಯಾದರೆ ಅದು ಇನ್ನೂ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಬೆಳಿಗ್ಗೆಯೆಲ್ಲ 7ರ ಕೆಳಗೆ ಇರುವ ವಾರ ಬಂತು ಅಂದರೆ, ಯಾವುದೋ ಒಂದು ರಾತ್ರಿ ಸೊನ್ನೆ ಮುಟ್ಟುವುದು ದೂರ ಇಲ್ಲ ಅಂತ ಅರ್ಥ. ಹಿಮ ಬಿದ್ದ ದಿನವೇ ಟೈರ್ ಅಂಗಡಿಗೆ ಓಡಿದರೆ ಊರಿಗೆ ಊರೇ ಅಲ್ಲಿ ನಿಂತಿರುತ್ತದೆ.

ನಿಲ್ಲಲು ಎಷ್ಟು ಜಾಗ ಬೇಕು

ಟೈರ್ ಬಗೆಗಳಿಗೆ ಹೋಗುವ ಮುಂಚೆ ಒಂದು ಸಣ್ಣ ಲೆಕ್ಕ. ಬ್ರೇಕ್ ಒತ್ತಿದ ಮೇಲೆ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತದೆ ಅನ್ನುವುದು ವೇಗ ಮತ್ತು ಹಿಡಿತ ಎರಡನ್ನೂ ನಂಬಿಕೊಂಡಿದೆ. ಒಣ ಡಾಂಬರಿನಲ್ಲಿ ಘರ್ಷಣೆಯ ಅಂಕ ಸುಮಾರು 0.8 ಅಂತಿಟ್ಟುಕೊಳ್ಳಿ, ಗಟ್ಟಿ ಹಿಮದಲ್ಲಿ 0.2, ಐಸ್ ಮೇಲೆ 0.1. ಗಂಟೆಗೆ 50 ಕಿ.ಮೀ ವೇಗದಲ್ಲಿದ್ದರೆ ಒಣ ರಸ್ತೆಯಲ್ಲಿ ಸುಮಾರು 12 ಮೀಟರ್‌ಗೆ ನಿಲ್ಲುತ್ತೀರಿ. ಹಿಮದಲ್ಲಿ ಸುಮಾರು 49 ಮೀಟರ್. ಐಸ್ ಮೇಲೆ ಹತ್ತಿರ ಹತ್ತಿರ 100 ಮೀಟರ್. ಇದು ಬ್ರೇಕ್ ಹಿಡಿದ ಮೇಲಿನ ದೂರ ಮಾತ್ರ. ಮುಂದೆ ಏನೋ ಇದೆ ಅಂತ ಕಂಡು ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೂ ಇನ್ನೂ 14 ಮೀಟರ್ ಸೇರಿತು.

ಈಗ ಅದೇ ಐಸ್ ಮೇಲೆ 50ರ ಬದಲು 30ರಲ್ಲಿ ಹೋಗಿ. ನಿಲ್ಲುವ ದೂರ 35 ಮೀಟರ್‌ಗೆ ಇಳಿಯುತ್ತದೆ. ಯಾವ ಟೈರ್ ಬದಲಾಯಿಸಿದರೂ ಇಷ್ಟು ದೊಡ್ಡ ಲಾಭ ಸಿಗುವುದಿಲ್ಲ. ಒಳ್ಳೆಯ ಟೈರ್ ಹಾಕಿಸಿಕೊಂಡ ಮೇಲೆ ಇನ್ನೇನು ಭಯ ಅಂತ ವೇಗ ಏರಿಸುವವರು ಟೈರ್ ಕೊಟ್ಟ ಲಾಭವನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತಾರೆ.

ಐದು ಬಗೆ

ಬೇಸಿಗೆ ಟೈರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಮ ಬೀಳುವ ಕಡೆ ಚಳಿಗಾಲದಲ್ಲಿ ಅದು ಬೇಡ.

ಆಲ್ ಸೀಸನ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರುತ್ತಾರೆ, ಗೊಂದಲ ಶುರುವಾಗುವುದೇ ಇಲ್ಲಿ. ಒಂದರ ಪಕ್ಕದ ಗೋಡೆಯ ಮೇಲೆ ಬರೀ 'ಎಂ ಪ್ಲಸ್ ಎಸ್' ಅಂತಿರುತ್ತದೆ, ಅಂದರೆ ಕೆಸರು ಮತ್ತು ಹಿಮ. ಈ ಅಕ್ಷರ ಹಾಕಲು ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು ಅಂತೇನೂ ಇಲ್ಲ, ಬಟನ್ ನಡುವಿನ ಕಾಲುವೆಗಳ ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುತ್ತಾರೆ. ಇನ್ನೊಂದರ ಮೇಲೆ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ಈ ಚಿತ್ರ ಬೇಕಾದರೆ ತುಳಿದ ಹಿಮದ ಮೇಲೆ ಗೊತ್ತುಪಡಿಸಿದ ಟೈರ್ ಒಂದರ ಜೊತೆ ಪರೀಕ್ಷೆಗೆ ನಿಂತು ಅದಕ್ಕಿಂತ ಇಂತಿಷ್ಟು ಚೆನ್ನಾಗಿ ಹಿಡಿಯಬೇಕು. ಕೊಳ್ಳುವಾಗ ಬೇರೇನೂ ನೆನಪಿಲ್ಲದಿದ್ದರೆ ಈ ಬೆಟ್ಟ ಒಂದು ನೆನಪಿಟ್ಟುಕೊಳ್ಳಿ. ಅದು ಇಲ್ಲದ ಟೈರನ್ನು ಚಳಿಗಾಲದ ಟೈರ್ ಅಂತ ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಟ್ಟದ ಗುರುತಿರುವ ಆಲ್ ಸೀಸನ್‌ಗೆ ಕೆಲವು ಕಡೆ ಆಲ್ ವೆದರ್ ಅಂತಲೂ ಹೆಸರಿದೆ. ಮಿಶೆಲಿನ್ 2015ರಲ್ಲಿ ಕ್ರಾಸ್‌ಕ್ಲೈಮೇಟ್ ತಂದ ಮೇಲೆ ಈ ಬಗೆಗೆ ಬೆಲೆ ಬಂತು, ಈಗ ಎಲ್ಲ ದೊಡ್ಡ ಕಂಪನಿಗಳೂ ಮಾಡುತ್ತವೆ. ವರ್ಷಪೂರ್ತಿ ಅದೇ ಟೈರ್, ಬದಲಾಯಿಸುವ ರಗಳೆ ಇಲ್ಲ, ಎರಡನೇ ಸೆಟ್ ಇಡಲು ಜಾಗ ಬೇಡ. ಚಳಿಗಾಲದಲ್ಲಿ ನಾಲ್ಕಾರು ಸಲ ಹಿಮ ಬಿದ್ದು ಮರುದಿನ ಕರಗುವ, ರಸ್ತೆ ಬೇಗ ಗುಡಿಸಿ, ಹಿಮ ಕರಗಲಿ ಅಂತ ಉಪ್ಪು ಹಾಕುವ ನಗರದಲ್ಲಿ ಕಡಿಮೆ ಓಡಿಸುವವರಿಗೆ ಇದು ನಿಜವಾಗಿಯೂ ಒಳ್ಳೆಯ ಆಯ್ಕೆ. ಅಂಥವರಿಗೆ ಎರಡು ಸೆಟ್ ಕೊಳ್ಳಿ ಅಂತ ಒತ್ತಾಯ ಮಾಡುವುದರಲ್ಲಿ ಅರ್ಥ ಇಲ್ಲ. ಆದರೆ ಐಸ್ ಮೇಲೆ ಇದು ಸರಿಯಾದ ಚಳಿಗಾಲದ ಟೈರ್‌ಗೆ ಸಮ ಅಲ್ಲ, ಕಡು ಬೇಸಿಗೆಯಲ್ಲಿ ಬೇಸಿಗೆ ಟೈರ್‌ಗೂ ಸಮ ಅಲ್ಲ. ಇನ್ನೊಂದು ಮಾತು, ವರ್ಷಪೂರ್ತಿ ಉರುಳಿದರೆ ವರ್ಷಪೂರ್ತಿ ಸವೆಯುತ್ತದೆ. ಮೂರನೇ ಚಳಿಗಾಲ ಬರುವ ಹೊತ್ತಿಗೆ ಬಟನ್ ಅರ್ಧ ಹೋಗಿದ್ದರೆ ಹಿಮದಲ್ಲಿ ಅದು ಹೊಸದರ ಹಾಗೆ ಇರುವುದಿಲ್ಲ, ಆದರೆ ಬೆಟ್ಟದ ಚಿತ್ರ ಮಾತ್ರ ಹಾಗೇ ಇರುತ್ತದೆ.

ಮೂರನೆಯದು ಮಧ್ಯ ಯುರೋಪಿನ ಬಗೆಯ ಚಳಿಗಾಲದ ಟೈರ್. ಚಳಿಗಾಲದಲ್ಲಿ ರಸ್ತೆ ಹೆಚ್ಚಾಗಿ ಒದ್ದೆ, ನಡುನಡುವೆ ಹಿಮದ ಕೆಸರು, ಹೆದ್ದಾರಿಯಲ್ಲಿ ಗಂಟೆಗೆ 120–130 ಕಿ.ಮೀ ವೇಗ, ಇಂಥ ಕಡೆಗೆ ಮಾಡಿದ್ದು. ರಬ್ಬರ್ ಸ್ವಲ್ಪ ಗಟ್ಟಿ, ನೀರು ಹೊರಹಾಕುವ ಕಾಲುವೆಗಳು ಚೆನ್ನಾಗಿರುತ್ತವೆ, ವೇಗದ ಮಿತಿ ಸಾಮಾನ್ಯವಾಗಿ 'ಹೆಚ್' ಅಂದರೆ 210 ಕಿ.ಮೀ ಅಥವಾ ಅದಕ್ಕೂ ಮೇಲೆ. ಬೆಟ್ಟದ ಗುರುತು ಇದಕ್ಕೂ ಇರುತ್ತದೆ. ನಿಮ್ಮ ಚಳಿಗಾಲದ ಬಹುಪಾಲು ಮಳೆ ಮತ್ತು ಕೆಸರಿನಲ್ಲಿ ಕಳೆಯುವುದಾದರೆ ಇದನ್ನೇ ತೆಗೆದುಕೊಳ್ಳಿ.

ನಾಲ್ಕನೆಯದು ನಾರ್ಡಿಕ್ ಬಗೆ, ಮೊಳೆ ಇಲ್ಲದ್ದು. ಇದರ ರಬ್ಬರ್ ಬೆರಳಲ್ಲಿ ಒತ್ತಿದರೇ ಗೊತ್ತಾಗುವಷ್ಟು ಮೆತ್ತಗಿರುತ್ತದೆ, ಮೈತುಂಬಾ ಸೀಳು. ವೇಗದ ಮಿತಿ ಎಷ್ಟೋ ಸಲ 'ಕ್ಯೂ' ಅಥವಾ 'ಟಿ', ಅಂದರೆ 160 ಅಥವಾ 190 ಕಿ.ಮೀ. ತಿಂಗಳುಗಟ್ಟಲೆ ರಸ್ತೆ ಬಿಳಿಯಾಗೇ ಇರುವ, ಉಪ್ಪು ಹಾಕಿದರೂ ಕೆಲಸ ಮಾಡದಷ್ಟು ಚಳಿ ಇರುವ ಕಡೆಗೆ ಇದು ಹೇಳಿ ಮಾಡಿಸಿದ್ದು. ಫಿನ್ಲೆಂಡ್, ಸ್ವೀಡನ್, ನಾರ್ವೆ, ಕೆನಡಾದಲ್ಲೆಲ್ಲ ಈ ಬಗೆ ಓಡುತ್ತದೆ. ಜಪಾನಿನ ಹೊಕ್ಕೈಡೊದಲ್ಲೂ ಇದೇ ಜಾತಿಯ ಟೈರ್ ಬಳಕೆ. ಈಗ ನೋಕಿಯನ್ ಅಂತ ಕರೆಯುವ ಫಿನ್ಲೆಂಡಿನ ಕಂಪನಿ 1934ರಲ್ಲೇ ಲಾರಿಗಳಿಗೆ ಹಿಮದ ಟೈರ್ ಮಾಡಿತು, ಎರಡು ವರ್ಷ ಕಳೆದು ಕಾರಿಗೂ ತಂದಿತು. ಹಾಗಾಗಿ ಇದೇನೂ ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಇದರ ಕೊರತೆ ಒದ್ದೆ ಡಾಂಬರಿನಲ್ಲಿ ಕಾಣುತ್ತದೆ, ಬ್ರೇಕ್ ದೂರ ಜಾಸ್ತಿ, ಸ್ಟೀರಿಂಗ್ ತಿರುಗಿಸಿದರೆ ಕಾರು ಸ್ವಲ್ಪ ತಡವಾಗಿ ತಿರುಗಿದ ಹಾಗೆ ಅನಿಸುತ್ತದೆ. ಬೆಚ್ಚಗಿನ ದಿನಗಳಲ್ಲಿ ಬೇಗ ಸವೆಯುತ್ತದೆ.

ಕೊನೆಯದು ಮೊಳೆ ಟೈರ್. ಅಲ್ಯೂಮಿನಿಯಂ ಮೈ, ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಮೊನೆ ಇರುವ ಸಣ್ಣ ಮೊಳೆಗಳನ್ನು ರಬ್ಬರಿನಲ್ಲಿ ಕೂರಿಸಿರುತ್ತಾರೆ. ಒದ್ದೆ ಐಸ್ ಮೇಲೆ ಇದಕ್ಕೆ ಸರಿಸಾಟಿ ಇಲ್ಲ. ಹಳ್ಳಿ ರಸ್ತೆ, ಗುಡಿಸುವವರಿಲ್ಲ, ಮನೆ ಮುಂದೆ ಏರು, ಬೆಳಿಗ್ಗೆ ಎದ್ದರೆ ಮೇಲೆಲ್ಲ ಐಸ್, ಅಂಥವರಿಗೆ ಮೊಳೆ ಬೇಕು. ನಗರದವರಿಗೆ ಬೇಡ. ಬರಿ ಡಾಂಬರಿನ ಮೇಲೆ ಕಾರಿನೊಳಗೆ ಮಾತು ಕೇಳಿಸದಷ್ಟು ಸದ್ದು, ಹಿಡಿತವೂ ಕಡಿಮೆ, ಜೊತೆಗೆ ರಸ್ತೆಯನ್ನೇ ಕೆರೆದು ದೂಳು ಎಬ್ಬಿಸುತ್ತದೆ. ಜಪಾನಿನವರು 1990ರ ದಶಕದಲ್ಲಿ ಈ ದೂಳಿನ ಕಾರಣಕ್ಕೇ ಇದನ್ನು ಬಿಡಿಸಿದರು, ಜರ್ಮನಿಯಲ್ಲಿ 1975ರಿಂದಲೇ ನಿಷೇಧ. ಮೊಳೆಗೆ ಅವಕಾಶ ಇರುವ ದೇಶಗಳಲ್ಲೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಪಕ್ಕದ ದೇಶಕ್ಕೆ ಓಡಿಸಿಕೊಂಡು ಹೋಗುವ ಅಭ್ಯಾಸ ಇದ್ದರೆ ಮೊಳೆ ಟೈರ್ ಕೊಳ್ಳುವ ಮುಂಚೆ ಎರಡೂ ಕಡೆಯ ನಿಯಮ ನೋಡಿ.

ನಾರ್ಡಿಕ್ ತೆಗೆದುಕೊಳ್ಳಲೋ ಮಧ್ಯ ಯುರೋಪಿನದೋ ಅಂತ ಗೊಂದಲ ಇದ್ದರೆ ನನ್ನ ಲೆಕ್ಕ ಇಷ್ಟು. ಜನವರಿ ತಿಂಗಳ ಒಂದು ಸಾಮಾನ್ಯ ದಿನ ನೀವು ಓಡಾಡುವ ರಸ್ತೆಯ ಬಣ್ಣ ಕಪ್ಪಾಗಿದ್ದರೆ ಮಧ್ಯ ಯುರೋಪಿನದು, ಬಿಳಿಯಾಗಿದ್ದರೆ ನಾರ್ಡಿಕ್. ತಿಂಗಳಲ್ಲಿ ಒಂದು ಸಲ ಬೆಟ್ಟದ ಕಡೆ ಸ್ಕೀಯಿಂಗ್‌ಗೆ ಹೋಗುತ್ತೀರಿ ಅನ್ನುವುದಕ್ಕಾಗಿ ನಾರ್ಡಿಕ್ ಬೇಡ, ಅದಕ್ಕೆ ಡಿಕ್ಕಿಯಲ್ಲಿ ಚೈನ್ (ಹಿಮದಲ್ಲಿ ಹಿಡಿತಕ್ಕೆ ಟೈರ್ ಸುತ್ತ ಕಟ್ಟುವ ಸರಪಳಿ) ಇಟ್ಟುಕೊಂಡರೆ ಸಾಕು.

ಟೈರ್ ಗೋಡೆ ಓದುವುದು

ಯುರೋಪಿನಲ್ಲಿ ಟೈರ್ ಜೊತೆ ಬರುವ ಲೇಬಲ್‌ನಲ್ಲಿ 2021ರ ಮೇ ತಿಂಗಳಿಂದ ಹಿಮದ ಗುರುತಿನ ಪಕ್ಕ ಐಸ್ ಗುರುತೂ ಸೇರಿದೆ. ನಾರ್ಡಿಕ್ ಹುಡುಕುವವರು ಅದನ್ನು ನೋಡಿ. ಲೇಬಲ್‌ನಲ್ಲಿ ಒದ್ದೆ ಹಿಡಿತಕ್ಕೆ 'ಎ'ಯಿಂದ 'ಇ'ವರೆಗೆ ದರ್ಜೆ ಇರುತ್ತದೆ. ಒಳ್ಳೆಯ ನಾರ್ಡಿಕ್ ಟೈರ್‌ಗೆ ಅಲ್ಲಿ ಕೆಳಗಿನ ದರ್ಜೆ ಸಿಕ್ಕಿರುವುದು ಮಾಮೂಲು, ಅದನ್ನು ನೋಡಿ ಕಳಪೆ ಅಂತ ತಳ್ಳಿಹಾಕಬೇಡಿ. ಅದು ಬೇರೆ ಕೆಲಸಕ್ಕೆ ಮಾಡಿದ ಟೈರ್. ಮೊಳೆ ಟೈರ್‌ಗೆ ಈ ಲೇಬಲ್ಲೇ ಅನ್ವಯಿಸುವುದಿಲ್ಲ.

ಗೋಡೆಯ ಮೇಲೆ 'ಡಿಒಟಿ' ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3823 ಅಂತಿದ್ದರೆ 2023ರ 38ನೇ ವಾರ. ಚಳಿಗಾಲದ ಟೈರ್‌ನ ಬಂಡವಾಳವೇ ಮೆತ್ತಗಿನ ರಬ್ಬರ್, ಅದು ವಯಸ್ಸಾದಂತೆ ಗಟ್ಟಿಯಾಗುತ್ತದೆ. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವವರು ಬಟನ್ ಎಷ್ಟಿದೆ ಅಂತ ನೋಡುತ್ತಾರೆ, ವಯಸ್ಸು ನೋಡುವುದಿಲ್ಲ. ಎಂಟು ವರ್ಷದ ಹಳೆ ಟೈರ್ ಬಟನ್ ತುಂಬಿಕೊಂಡು ಹೊಳೆಯುತ್ತಿದ್ದರೂ ನನಗೆ ಬೇಡ.

ಬಟನ್ ಆಳದ ಕಾನೂನು ಮಿತಿ ಯುರೋಪಿನ ಬಹಳ ಕಡೆ 1.6 ಮಿ.ಮೀ. ಹಿಮದಲ್ಲಿ ಅಷ್ಟಿದ್ದರೆ ಬೋಳು ಟೈರ್ ಇದ್ದ ಹಾಗೇ. ಅದಕ್ಕೇ ಸ್ವೀಡನ್, ನಾರ್ವೆಯಲ್ಲಿ ಚಳಿಗಾಲಕ್ಕೆ 3 ಮಿ.ಮೀ, ಆಸ್ಟ್ರಿಯಾದಲ್ಲಿ 4 ಮಿ.ಮೀ ಇರಲೇಬೇಕು. ಹೊಸದರಲ್ಲಿ 8 ಮಿ.ಮೀ ಆಸುಪಾಸು ಇರುತ್ತದೆ, 4ಕ್ಕೆ ಇಳಿದಾಗ ಬದಲಾಯಿಸುವುದು ಒಳ್ಳೆಯ ರೂಢಿ. ಜಪಾನಿನ ಟೈರ್‌ಗಳಲ್ಲಿ ಅರ್ಧ ಸವೆದಾಗ ಮೇಲೆ ಕಾಣಿಸಿಕೊಳ್ಳುವ ಒಂದು ಗುರುತು ಇರುತ್ತದೆ, ಅದು ಕಂಡರೆ ಚಳಿಗಾಲಕ್ಕೆ ಆ ಟೈರ್ ಮುಗಿಯಿತು.

ನಿಯಮಗಳು ದೇಶಕ್ಕೊಂದು ತರ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಜರ್ಮನಿಯಲ್ಲಿ ದಿನಾಂಕ ಇಲ್ಲ, ರಸ್ತೆಯಲ್ಲಿ ಹಿಮ ಅಥವಾ ಐಸ್ ಇದ್ದರೆ ಇರಬೇಕು, ಅಷ್ಟೆ. 2024ರ ಅಕ್ಟೋಬರ್‌ನಿಂದ ಅಲ್ಲಿ ಬರೀ 'ಎಂ ಪ್ಲಸ್ ಎಸ್' ಇದ್ದರೆ ಆಗುವುದಿಲ್ಲ, ಬೆಟ್ಟದ ಗುರುತೇ ಬೇಕು.

ಅಳತೆ, ರಿಮ್, ಮತ್ತೆ ಎರಡಾ ನಾಲ್ಕಾ ಅನ್ನುವ ಪ್ರಶ್ನೆ

ನಾಲ್ಕು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ. ಎಂಜಿನ್ ಮುಂದಿನ ಚಕ್ರ ತಿರುಗಿಸುತ್ತದೆ, ಹಾಗಾಗಿ ಮುಂದೆ ಎರಡು ಹಾಕಿದರೆ ಸಾಕು ಅನ್ನುವವರು ಇನ್ನೂ ಇದ್ದಾರೆ. ಕಾರು ಹೊರಡಲು ಅದು ಸಾಕು. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನದು ಹಿಡಿಯುತ್ತದೆ, ಹಿಂದಿನದು ಹಿಡಿಯುವುದಿಲ್ಲ, ಕಾರಿನ ಹಿಂಭಾಗ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಹಾಗೆ ತಿರುಗಿದ ಕಾರನ್ನು ಸರಿಮಾಡುವುದು ಸಾಮಾನ್ಯ ಚಾಲಕನ ಕೈಯಲ್ಲಿಲ್ಲ. ನಾಲ್ಕೂ ಒಂದೇ ಬಗೆ, ಒಂದೇ ಮಾದರಿ ಇರಲಿ. ಸವೆತ ಹೆಚ್ಚುಕಡಿಮೆ ಇದ್ದರೆ ಬಟನ್ ಜಾಸ್ತಿ ಇರುವ ಜೋಡಿ ಹಿಂದಕ್ಕೆ ಹೋಗಲಿ.

ಫೋರ್ ವೀಲ್ ಡ್ರೈವ್ ಇದೆ, ನಮಗೆ ಯಾಕೆ ಅನ್ನುವವರಿಗೂ ಇದೇ ಉತ್ತರ. ನಾಲ್ಕು ಚಕ್ರಕ್ಕೆ ಎಂಜಿನ್ ಬಲ ಸಿಕ್ಕರೆ ಹೊರಡುವುದು ಸುಲಭ, ಏರು ಹತ್ತುವುದು ಸುಲಭ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು ಅಲ್ವಾ? ನಿಲ್ಲುವಾಗ ಫೋರ್ ವೀಲ್ ಡ್ರೈವ್‌ನಿಂದ ಮೂರು ಕಾಸಿನ ಉಪಯೋಗ ಇಲ್ಲ. ಸಲೀಸಾಗಿ ವೇಗ ಹಿಡಿಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ, ಮೊದಲ ತಿರುವಿನಲ್ಲಿ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಇನ್ನೊಂದು ವಿಷಯ ಸೇರುತ್ತದೆ. ಕಾರು ಭಾರ, ಆದ್ದರಿಂದ ಟೈರ್‌ನ ಭಾರ ಹೊರುವ ಅಂಕ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಕಾಲು ತೆಗೆದ ಕೂಡಲೇ ಜೋರಾಗಿ ಹಿಡಿಯುವ ರೀಜನರೇಟಿವ್ ಬ್ರೇಕಿಂಗನ್ನು ಐಸ್ ಇರುವ ದಿನ ಕಡಿಮೆ ಮಟ್ಟಕ್ಕೆ ಇಟ್ಟುಕೊಳ್ಳಿ.

ಅಳತೆ ಬಗ್ಗೆ ಹೇಳುವುದಾದರೆ, ಹಿಮದಲ್ಲಿ ಅಗಲ ಟೈರ್ ಅಂದರೆ ಹಿಡಿತ ಜಾಸ್ತಿ ಅನ್ನುವ ಮಾತು ನಡೆಯುವುದಿಲ್ಲ. ಅಗಲದ್ದು ಹಿಮದ ಮೇಲೆ ತೇಲುತ್ತದೆ, ಕಿರಿದು ಸೀಳಿಕೊಂಡು ಕೆಳಗೆ ಕೂರುತ್ತದೆ. ಹಾಗಾಗಿ ಚಳಿಗಾಲಕ್ಕೆ ಒಂದು ಇಂಚು ಚಿಕ್ಕ ರಿಮ್, ಸ್ವಲ್ಪ ಕಿರಿದಾದ ಟೈರ್ ಹಾಕುವುದು ರೂಢಿ. ಉದಾಹರಣೆಗೆ 225/45 ಆರ್17 ಇರುವ ಕಾರಿಗೆ 205/55 ಆರ್16 (ಮೊದಲ ಅಂಕಿ ಅಗಲ ಮಿ.ಮೀನಲ್ಲಿ, ಎರಡನೆಯದು ಗೋಡೆಯ ಎತ್ತರ ಅಗಲದ ಶೇಕಡ ಎಷ್ಟು ಅಂತ, ಕೊನೆಯದು ರಿಮ್ ಇಂಚಿನಲ್ಲಿ). ಎರಡರ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಸ್ಪೀಡೋಮೀಟರ್ ಕೆಡುವುದಿಲ್ಲ, ಗೋಡೆ ಎತ್ತರ ಇರುವುದರಿಂದ ಹಿಮದಡಿ ಮುಚ್ಚಿಹೋದ ಗುಂಡಿಗೆ ಬಿದ್ದರೂ ರಿಮ್ ಉಳಿಯುತ್ತದೆ. ಆದರೆ ಎಲ್ಲ ಕಾರಿಗೂ ಚಿಕ್ಕ ರಿಮ್ ಕೂರುವುದಿಲ್ಲ, ಬ್ರೇಕ್ ದೊಡ್ಡದಿದ್ದರೆ ತಾಗುತ್ತದೆ. ಕಾರಿನ ಪುಸ್ತಕದಲ್ಲಿ ಒಪ್ಪಿರುವ ಅಳತೆಗಳ ಪಟ್ಟಿ ಇರುತ್ತದೆ, ಅದನ್ನು ಮೀರಬೇಡಿ.

ಚಳಿಗಾಲದ ಟೈರ್‌ಗೆ ಬೇರೆ ರಿಮ್ ಕೊಳ್ಳುವುದು ಮೊದಲು ಖರ್ಚು ಅನಿಸುತ್ತದೆ. ಆಮೇಲೆ ವರ್ಷಕ್ಕೆ ಎರಡು ಸಲ ಟೈರ್ ಕಳಚಿ ಕೂರಿಸುವ ಕೂಲಿ ಉಳಿಯುತ್ತದೆ, ಕಳಚುವಾಗ ಅಂಚು ಹರಿಯುವ ಭಯ ಇಲ್ಲ, ರಸ್ತೆಯ ಉಪ್ಪಿಗೆ ನಿಮ್ಮ ಒಳ್ಳೆಯ ಅಲಾಯ್ ಬಲಿಯಾಗುವುದಿಲ್ಲ. ಕಬ್ಬಿಣದ ರಿಮ್ ಸಾಕು. ಗಾಳಿ ಒತ್ತಡದ ಸೆನ್ಸರ್ ಇರುವ ಕಾರಾದರೆ ಹೊಸ ರಿಮ್‌ಗೂ ಸೆನ್ಸರ್ ಬೇಕಾಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಹಾಕುವಾಗ

ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಕಾರು ಮುಂದೆ ಹೋಗುವಾಗ ಚಕ್ರ ಆ ಕಡೆಗೇ ತಿರುಗಬೇಕು. ಉಲ್ಟಾ ಹಾಕಿದರೆ ನೀರು, ಹಿಮ ಹೊರಹೋಗುವ ಬದಲು ಒಳಗೆ ಸೇರುತ್ತದೆ. ನಟ್ ಬಿಗಿ ಮಾಡಲು ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಬಳಸಿ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿ ಮಾಡಿದರೆ ಮುಂದೆ ರಸ್ತೆ ಬದಿಯಲ್ಲಿ ಪಂಕ್ಚರ್ ಆದ ದಿನ ಬಿಚ್ಚಲು ಬರುವುದಿಲ್ಲ. 50–100 ಕಿ.ಮೀ ಓಡಿಸಿದ ಮೇಲೆ ಒಮ್ಮೆ ಮತ್ತೆ ಬಿಗಿ ನೋಡಿ. ಇದನ್ನು ಮರೆಯುವವರೇ ಜಾಸ್ತಿ.

ಹೊಸ ಟೈರ್ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಪದಾರ್ಥದ ಅಂಶ ಇರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಹೋಗಿ. ಮೊಳೆ ಟೈರ್ ಆದರೆ 500 ಕಿ.ಮೀವರೆಗೆ ಜೋರು ಬ್ರೇಕ್, ಜೋರು ಎಳೆತ ಎರಡೂ ಬೇಡ, ಮೊಳೆ ಸರಿಯಾಗಿ ಕೂರದಿದ್ದರೆ ಕಿತ್ತು ಬರುತ್ತದೆ.

ಗಾಳಿ. ತಾಪಮಾನ 10 ಡಿಗ್ರಿ ಇಳಿದರೆ ಟೈರ್‌ನೊಳಗಿನ ಒತ್ತಡ ಸುಮಾರು 0.1 ಬಾರ್ ಕಡಿಮೆಯಾಗುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಸರಿಯಾಗಿ ತುಂಬಿಸಿದ್ದು ಹೊರಗೆ ಮೈನಸ್ 10ರಲ್ಲಿ ಕಡಿಮೆ ತೋರಿಸುವುದು ಅದಕ್ಕೇ, ಪಂಕ್ಚರ್ ಅಲ್ಲ. ಟೈರ್ ತಣ್ಣಗಿರುವಾಗ, ಹೊರಗಡೆ ನೋಡಿ, ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿರುವಷ್ಟು ಇಡಿ. ಹಿಮದಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಇಳಿಸುವ ಸಲಹೆ ಮರಳುಗಾಡಿನಲ್ಲಿ ಓಡಿಸುವವರಿಂದ ಬಂದದ್ದು. ಸಾಮಾನ್ಯ ರಸ್ತೆಗೆ ಅದು ಬೇಡ.

ಓಡಿಸುವಾಗ

ಹೊರಡುವ ಮುಂಚೆ ಬಾನೆಟ್ಟು, ಛಾವಣಿ, ದೀಪ ಎಲ್ಲದರ ಮೇಲಿನ ಹಿಮ ತೆಗೆಯಿರಿ. ಗಾಜಿನಲ್ಲಿ ಇಣುಕಲು ಒಂದು ಕಿಂಡಿ ಮಾಡಿಕೊಂಡು ಹೊರಡುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಛಾವಣಿಯ ಹಿಮ ಮೊದಲ ಬ್ರೇಕಿಗೇ ಮುಂದಿನ ಗಾಜಿನ ಮೇಲೆ ಜಾರಿ ಬೀಳುತ್ತದೆ.

ಖಾಲಿ ರಸ್ತೆ ಸಿಕ್ಕ ಕಡೆ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿ, ಮೆಲ್ಲನೆ ಹೋಗುತ್ತಾ ಒಮ್ಮೆ ಬ್ರೇಕ್ ಒತ್ತಿ ನೋಡಿ. ಆ ದಿನದ ರಸ್ತೆ ಹೇಗಿದೆ ಅಂತ ಅದು ಹೇಳಿಬಿಡುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ ನೋಡುವ ವ್ಯವಸ್ಥೆ) ಇದ್ದರೆ ಕಾಲಡಿ ಪೆಡಲ್ ದಡದಡ ಅನ್ನುತ್ತದೆ, ಹೆದರಿ ಕಾಲು ತೆಗೆಯಬೇಡಿ, ಒತ್ತಿಕೊಂಡೇ ಇರಿ. ಎಬಿಎಸ್ ಇರುವುದು ಬ್ರೇಕ್ ಹಿಡಿದಾಗಲೂ ಸ್ಟೀರಿಂಗ್ ಮಾತು ಕೇಳಲಿ ಅಂತ. ಉದುರು ಹಿಮದಲ್ಲಿ ಅದು ನಿಲ್ಲುವ ದೂರವನ್ನು ಉದ್ದ ಮಾಡುವುದೂ ಉಂಟು.

ಉಳಿದದ್ದೆಲ್ಲ ಒಂದೇ ಮಾತಿನ ಸುತ್ತ ಬರುತ್ತದೆ: ಟೈರ್‌ಗೆ ಒಂದು ಸಲಕ್ಕೆ ಒಂದೇ ಕೆಲಸ ಕೊಡಿ. ತಿರುವಿಗೆ ಮುಂಚೆಯೇ ನೇರ ರಸ್ತೆಯಲ್ಲಿ ವೇಗ ಇಳಿಸಿ, ಆಮೇಲೆ ಬ್ರೇಕ್ ಬಿಟ್ಟು ತಿರುಗಿಸಿ, ನೇರವಾದ ಮೇಲೆ ಆಕ್ಸಿಲರೇಟರ್ ಕೊಡಿ. ಇಳಿಜಾರಿಗೆ ಮೊದಲೇ ಕೆಳಗಿನ ಗೇರ್ ಹಾಕಿಕೊಳ್ಳಿ. ಮ್ಯಾನುವಲ್ ಗೇರ್ ಕಾರನ್ನು ಎರಡನೇ ಗೇರಿನಲ್ಲಿ ಹೊರಡಿಸಿದರೆ ಚಕ್ರ ಸುಮ್ನೆ ತಿರುಗುವುದು ಕಡಿಮೆ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಸೇತುವೆಗಳ ಮೇಲೆ, ಮರದ ನೆರಳಿನಲ್ಲಿ ಬೇರೆ ಕಡೆ ಇಲ್ಲದ ಐಸ್ ಇರುತ್ತದೆ, ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ತಾಗುತ್ತದಲ್ಲ.

ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿದ್ದರೆ ಇನ್ನೂ ತಿರುಗಿಸಬೇಕು ಅಂತ ಕೈ ಹೇಳುತ್ತದೆ. ಕೇಳಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಟ್ಟರೆ ಟೈರ್ ಮತ್ತೆ ಹಿಡಿಯುತ್ತದೆ. ಹಿಂಭಾಗ ಜಾರಿದರೆ ನೀವು ಹೋಗಬೇಕಾದ ಕಡೆಗೆ ಕಣ್ಣಿಟ್ಟು ಅತ್ತಲೇ ಮೆಲ್ಲಗೆ ತಿರುಗಿಸಿ.

ಹಿಮದಲ್ಲಿ ಸಿಕ್ಕಿಕೊಂಡಾಗ, ಚಕ್ರ ಸುಮ್ನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ ಬಲವನ್ನೇ ಕಡಿದುಬಿಡುತ್ತದೆ. ಆಗ ಅದನ್ನು ಆಫ್ ಮಾಡಿ, ಕಾರನ್ನು ಹಿಂದೆ ಮುಂದೆ ತೂಗಿ ಹೊರತನ್ನಿ, ಹೊರಬಂದ ಮೇಲೆ ಮತ್ತೆ ಆನ್ ಮಾಡಿ. ಹೊರಬರಲು ಆಗದೆ ಎಂಜಿನ್ ಚಾಲೂ ಇಟ್ಟು ಒಳಗೆ ಕೂರುವುದಾದರೆ ಸೈಲೆನ್ಸರ್ ಬಾಯಿ ಹಿಮದಿಂದ ಮುಚ್ಚಿಲ್ಲ ಅಂತ ಇಳಿದು ನೋಡಲೇಬೇಕು, ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ವಾಸನೆ ಇಲ್ಲದ ವಿಷ ಅದು. ಆಳ ಹಿಮದಿಂದ ಬಂದ ಮೇಲೆ ಹೆದ್ದಾರಿಯಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಒಮ್ಮೆ ನಿಲ್ಲಿಸಿ ರಿಮ್ ಒಳಗೆ ನೋಡಿ. ಹೆಚ್ಚಿನ ಸಲ ಅಲ್ಲಿ ಹಿಮ ಮೆತ್ತಿಕೊಂಡಿರುತ್ತದೆ, ಬ್ಯಾಲೆನ್ಸಿಂಗ್ ಕೆಟ್ಟಿರುವುದಿಲ್ಲ.

ಚೈನ್ ಹಾಕುವುದಾದರೆ ಎಂಜಿನ್ ಬಲ ಹೋಗುವ ಚಕ್ರಗಳಿಗೆ, ಫೋರ್ ವೀಲ್ ಡ್ರೈವ್ ಆದರೆ ಕಾರಿನ ಪುಸ್ತಕ ಹೇಳಿದ ಚಕ್ರಕ್ಕೆ. ಸ್ವಲ್ಪ ದೂರ ಹೋಗಿ ಇಳಿದು ಮತ್ತೆ ಬಿಗಿ ಮಾಡಿ, ಗಂಟೆಗೆ 50 ಕಿ.ಮೀ ದಾಟಬೇಡಿ, ಬರಿ ಡಾಂಬರು ಸಿಕ್ಕ ಕೂಡಲೇ ಬಿಚ್ಚಿ. ಮೊದಲ ಸಲ ಹಾಕುವುದನ್ನು ಮನೆ ಮುಂದೆ ಹಗಲಲ್ಲಿ ಕಲಿಯಿರಿ. ಕತ್ತಲಲ್ಲಿ, ಕೈ ಮರಗಟ್ಟಿದಾಗ, ಸೂಚನೆಯ ಚೀಟಿ ಓದಿಕೊಂಡು ಹಾಕಲು ಆಗುವುದಿಲ್ಲ.

ಬಿಚ್ಚಿದ ಮೇಲೆ

ಇನ್ನೂ ಬಟನ್ ಇದೆಯಲ್ಲ ಅಂತ ಬೇಸಿಗೆಯಲ್ಲೂ ಅದೇ ಟೈರ್ ಓಡಿಸುವುದು ಉಳಿತಾಯ ಅಲ್ಲ. ಬಿಸಿ ರಸ್ತೆಯಲ್ಲಿ ಮೆತ್ತಗಿನ ರಬ್ಬರ್ ಬೇಗ ಸವೆಯುತ್ತದೆ, ಬ್ರೇಕ್ ದೂರವೂ ಉದ್ದವಾಗುತ್ತದೆ. ಇನ್ನೊಂದೆರಡು ಮಿಲಿಮೀಟರ್ ಉಳಿದಿರುವ, ಹೇಗೂ ಗುಜರಿಗೆ ಹೋಗಲಿರುವ ಟೈರ್ ಕೂಡ ಬೇಸಿಗೆ ಮಳೆಯಲ್ಲಿ ಅಪಾಯವೇ.

ಬಿಚ್ಚುವಾಗ ಯಾವ ಚಕ್ರ ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ. ಉಪ್ಪು ತೊಳೆದು ಒಣಗಿಸಿ, ಬಟನ್ ನಡುವೆ ಸಿಕ್ಕ ಕಲ್ಲು ಕೀಳಿ. ಆಗಲೇ ಆಳ ಅಳೆದುಬಿಡಿ, 4 ಮಿ.ಮೀಗಿಂತ ಕಡಿಮೆ ಇದ್ದರೆ ಇಟ್ಟುಕೊಂಡು ಉಪಯೋಗ ಇಲ್ಲ. ರಿಮ್ ಸಮೇತ ಇರುವುದನ್ನು ಒಂದರ ಮೇಲೊಂದು ಮಲಗಿಸಬಹುದು, ನೇತು ಹಾಕಲೂಬಹುದು. ಬರೀ ಟೈರ್ ಆದರೆ ನಿಲ್ಲಿಸಿ ಇಡಿ, ಆಗಾಗ ಸ್ವಲ್ಪ ಉರುಳಿಸಿ. ಬಿಸಿಲು ಬೀಳದ, ತಂಪಾದ, ಒಣ ಜಾಗ ಇರಲಿ, ಪೆಟ್ರೋಲು ಎಣ್ಣೆ ಡಬ್ಬಗಳ ಪಕ್ಕ ಬೇಡ. ಅಳೆದಾಗ ಹೊಸ ಸೆಟ್ ಬೇಕು ಅಂತ ಗೊತ್ತಾದರೆ ಬೇಸಿಗೆ ಮುಗಿಯುವ ಮುಂಚೆಯೇ ಹೇಳಿಟ್ಟುಬಿಡಿ, ಮೊದಲ ಹಿಮ ಬಿದ್ದ ವಾರ ನಿಮ್ಮ ಅಳತೆಯದು ಅಂಗಡಿಯಲ್ಲಿ ಉಳಿದಿರುವುದಿಲ್ಲ.